ಏರುವುದಕ್ಕೆ ಮೊದಲು ನಿಲ್ಲಿಸುವ ವಿದ್ಯೆ

ಕಪ್ಪತಗುಡ್ಡದ ಸಾಲು ಹಾದುಹೋಗುವ ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂಥ ಬಯಲುಸೀಮೆಯ ಊರುಗಳಿಗೆ ಕೈಲಾಸವು ಪುರಾಣ ಪ್ರವಚನಗಳಿಂದಲೇ ಪರಿಚಿತವಾದ ಶಿವನ ನೆಲೆ; ಆ ಕೈಲಾಸಕ್ಕೆ ಸಾಮಾನ್ಯ ಗೃಹಸ್ಥರೂ ನಡೆದುಹೋಗಬಹುದಾದ ದಾರಿಯನ್ನು ವಿದೇಶಾಂಗ ಸಚಿವಾಲಯವು 1981ರಲ್ಲಿ ಆರಂಭಿಸಿದ ಮಾನಸಸರೋವರ ಯಾತ್ರೆ ತೆರೆದುಕೊಟ್ಟಿತು. ಈ ಯಾತ್ರೆಯಲ್ಲಿ ನಿಜವಾಗಿ ಮೆಚ್ಚಬೇಕಾದದ್ದು ಅದರ ನಿಧಾನಗತಿ. ಪರಿಕ್ರಮದ ಅತ್ಯುನ್ನತ ಘಟ್ಟವಾದ ಡೋಲ್ಮಾ ಲಾ ಕಣಿವೆಮಾರ್ಗವು 5,600 ಮೀಟರಿಗೂ ಎತ್ತರದಲ್ಲಿದ್ದು, ಅಲ್ಲಿ ವಾಯುವಿನ ಒತ್ತಡ ಕಡಲತೀರದ ಸುಮಾರು ಅರ್ಧಕ್ಕೆ ಇಳಿಯುವುದರಿಂದ, ಉಸಿರಿಗೆ ದೊರೆಯುವ ಆಮ್ಲಜನಕವೂ ಅಷ್ಟೇ ಕುಗ್ಗುತ್ತದೆ. ಆದ್ದರಿಂದ ದೇಹವು ಹಂತಹಂತವಾಗಿ ಎತ್ತರಕ್ಕೆ ಒಗ್ಗಿಕೊಳ್ಳುವಂತೆ ನಡುನಡುವೆ ತಂಗುದಾಣಗಳನ್ನಿಟ್ಟು, ಲಿಪುಲೇಖ್ ಮಾರ್ಗದ ಗುಂಜಿಯಲ್ಲಿ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ವೈದ್ಯರು ಯಾತ್ರಿಕರನ್ನು ಮತ್ತೊಮ್ಮೆ ಪರೀಕ್ಷಿಸಿ, ತಾಳಲಾರದವರನ್ನು ಅಲ್ಲಿಂದಲೇ ಹಿಂದಿರುಗಿಸುವ ಕ್ರಮವನ್ನು ರೂಢಿಸಲಾಯಿತು. ಕೈಲಾಸದ ಹತ್ತಿರಕ್ಕೆ ಬಂದ ಭಕ್ತರಿಗೆ ಈ ತಡೆ ಎಷ್ಟೇ ಕಠೋರವೆನಿಸಿದರೂ, ತಲೆನೋವು, ವಾಕರಿಕೆಗಳಿಂದ ತೊಡಗಿ ಶ್ವಾಸಕೋಶದಲ್ಲಿ ನೀರು ತುಂಬುವವರೆಗೆ ಬೆಳೆಯಬಲ್ಲ ಎತ್ತರದ ಬೇನೆಯನ್ನು ಮೊದಲೇ ಗುರುತಿಸುವುದು ಭಕ್ತಿಗೆ ಸಲ್ಲಿಸುವ ಅತ್ಯಂತ ಪ್ರಾಮಾಣಿಕ ಸೇವೆಯೇ ಸರಿ. ಈ ಯಾತ್ರೆ ಮುಗಿಸಿ ಬಂದ ಕನ್ನಡಿಗರಿಗೆ ಕರ್ನಾಟಕದ ಮುಜರಾಯಿ ಇಲಾಖೆಯೂ ಸಹಾಯಧನ ನೀಡುತ್ತ ಬಂದಿದೆ.