ಯಾರ ಕೋಲಿನಿಂದ ಅಳೆದದ್ದು?

ನಮ್ಮ ಹಳೆಯ ಶಾಸನಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದ ವಿದ್ವಾಂಸರಿಗೆ ನಾನು ಋಣಿ. ಅವರ ಅಡಿಟಿಪ್ಪಣಿಗಳಿಲ್ಲದೆ ನನ್ನಂಥ ಸಾಮಾನ್ಯ ಓದುಗ ಅರ್ಧ ಪುಟವನ್ನೂ ದಾಟಲಾರ. ಆದರೆ ಒಂದು ಬಗೆಯ ಟಿಪ್ಪಣಿಯನ್ನು ಕಂಡಾಗಲೆಲ್ಲ ನನಗೆ ಅಸಮಾಧಾನವಾಗುತ್ತದೆ. ಮೂಲದಲ್ಲಿ ಮೊಳವೆಂದಿದ್ದರೆ ಕೆಳಗೆ ‘ಒಂದೂವರೆ ಅಡಿ’ ಎಂದಿರುತ್ತದೆ. ಗಳೆಯೆಂದಿದ್ದರೆ ‘ಇಷ್ಟು ಅಡಿಯ ಕೋಲು’ ಎಂದಿರುತ್ತದೆ. ಇದರಿಂದ ಅರ್ಥವಾಯಿತೆಂದು ಓದುಗ ಮುಂದೆ ಸಾಗುತ್ತಾನೆ. ನಿಜವಾಗಿ ಅರ್ಥವಾಯಿತೆ?

ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ ಒಂದು ಮೊಳ. ಆದರೆ ಯಾರ ಕೈ? ಮಾರುಕಟ್ಟೆಯಲ್ಲಿ ಹೂ ಕೊಳ್ಳುವ ಗೃಹಿಣಿಯರಿಗೆ ಈ ಪ್ರಶ್ನೆ ಹೊಸದಲ್ಲ. ಮೆಟ್ರಿಕ್ ಪದ್ಧತಿಗೆ 1956ರಲ್ಲಿಯೇ ಕಾಯಿದೆಯಾದರೂ ಹೂವು ಇಂದಿಗೂ ಮೊಳ, ಮಾರುಗಳಲ್ಲಿಯೇ ಉಳಿದಿದೆ. ಹೂವಾಡಗಿತ್ತಿಯ ಕೈ ಗಿಡ್ಡವೆಂಬ ಜಗಳವೂ ಉಳಿದಿದೆ.

ಹೂವಿನಲ್ಲಿ ಹೆಚ್ಚೆಂದರೆ ನಾಲ್ಕು ಮಲ್ಲಿಗೆ ನಷ್ಟವಾದೀತು. ನೆಲದ ಮಾತು ಹಾಗಲ್ಲ. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ತೆರೆದು ನೋಡಿ. ಅಲ್ಲಿ ಎಂಟು ಯವೆಯ ಕಾಳಿನ ಅಗಲಕ್ಕೆ ಒಂದು ಅಂಗುಲ, 24 ಅಂಗುಲಕ್ಕೆ ಒಂದು ಹಸ್ತ, ನಾಲ್ಕು ಹಸ್ತಕ್ಕೆ, ಎಂದರೆ 96 ಅಂಗುಲಕ್ಕೆ, ಒಂದು ದಂಡ. ಇದು ಸಾಮಾನ್ಯ ಲೆಕ್ಕ. ಆದರೆ ದಾರಿಯನ್ನೂ ಕೋಟೆಯ ಗೋಡೆಯನ್ನೂ ಅಳೆಯುವ ಕೋಲು 108 ಅಂಗುಲ. ಬ್ರಾಹ್ಮಣರಿಗೆ ದತ್ತಿ ಬಿಡುವ ಭೂಮಿಯನ್ನು ಅಳೆಯುವ ದಂಡವೋ 192 ಅಂಗುಲ! ಕೋಲು ಎರಡರಷ್ಟು ಉದ್ದವಾದರೆ ಚೌಕದ ಹೊಲ ನಾಲ್ಕರಷ್ಟಾಗುತ್ತದೆ. ‘ಹತ್ತು ದಂಡದ ಚೌಕ’ ಎಂದಷ್ಟೇ ಓದಿ ಒಂದೇ ಅಳತೆಯಿಂದ ಗುಣಿಸುವವನು ಕೊಟ್ಟವನ ಔದಾರ್ಯವನ್ನೂ ಪಡೆದವನ ಸಂಪತ್ತನ್ನೂ ತಪ್ಪಾಗಿ ತೂಗುತ್ತಾನೆ.

ಶಾಸನ ಬರೆಸಿದವರಿಗೆ ಇದು ಚೆನ್ನಾಗಿ ತಿಳಿದಿತ್ತು. ಬಳ್ಳಿಗಾವೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ಯೆಂಬ ಅಳತೆಗೋಲಿನ ಹೆಸರು ಬರುತ್ತದೆ. ಅದೇ ಊರಿನಲ್ಲಿ 1047ರ ಗಂಡಭೇರುಂಡ ಸ್ತಂಭವೂ ಇದೆ. ಕಲ್ಲಿನ ಮೇಲೆ ಒಂದೊಂದು ಅಕ್ಷರವನ್ನೂ ಕಡೆಯಿಸುವವರು ಕೋಲಿನ ಹೆಸರನ್ನು ಸುಮ್ಮನೆ ಸೇರಿಸಿದರೆ? ಬೇರೆ ಕೋಲುಗಳೂ ಬಳಕೆಯಲ್ಲಿದ್ದುದರಿಂದಲೇ ಹೆಸರು ಬೇಕಾಯಿತು. ನಾಳೆ ವ್ಯಾಜ್ಯ ಬಂದರೆ ಯಾವ ಕೋಲನ್ನು ತರಬೇಕೆಂಬುದಕ್ಕೆ ಆ ಹೆಸರೇ ಸಾಕ್ಷಿ. ಅವರು ಅಷ್ಟು ಎಚ್ಚರದಿಂದ ಬರೆಸಿದ್ದನ್ನು ನಾವು ಒಂದು ಅಂಕಿಯಿಂದ ಅಳಿಸಿಬಿಡುವುದು ನ್ಯಾಯವಲ್ಲ.

ಓದುಗನಿಗೆ ಒಂದು ಅಂದಾಜಾದರೂ ಬೇಡವೆ ಎಂದು ಸಂಪಾದಕರು ಕೇಳಬಹುದು. ಬೇಕು, ನಿಜ. ಹಳೆಯ ಅಳತೆಗಳು ಹೋದವೆಂದು ಕೊರಗುವವನೂ ನಾನಲ್ಲ. ಒಂದೇ ಹೆಸರಿನ ಅಳತೆ ಊರೂರಿಗೆ ಬೇರೆಯಾಗಿದ್ದರೆ ಮೋಸಹೋಗುವವನು ಬಡವನೇ. ದೇಶಕ್ಕೆಲ್ಲ ಒಂದೇ ಮೀಟರು ಬಂದದ್ದು ಅವನಿಗೆ ಒಳ್ಳೆಯದೇ ಆಯಿತು. ನನ್ನ ಬೇಡಿಕೆ ಸಣ್ಣದು. ಟಿಪ್ಪಣಿಯಲ್ಲಿ ಕೋಲಿನ ಹೆಸರಿರಲಿ, ಅದು ಯಾವ ಸೀಮೆಯದೆಂದಿರಲಿ, ಅಂದಾಜನ್ನು ಅಂದಾಜೆಂದೇ ಹೇಳಿರಲಿ. ಉದ್ದ ಗೊತ್ತಿಲ್ಲದಿದ್ದರೆ ‘ತಿಳಿಯದು’ ಎಂದು ಬರೆದರೂ ವಿದ್ವತ್ತಿಗೆ ಕುಂದಿಲ್ಲ. ತಪ್ಪು ಅಂಕಿಗಿಂತ ಆ ಒಂದು ಮಾತನ್ನು ನಾನು ಹೆಚ್ಚು ನಂಬುತ್ತೇನೆ.