ಕುರಿಯ ಬಾಯಿಯ ಕಡ್ಡಿ

ಮನುಷ್ಯನ ಶೀಲವನ್ನು ಕುರಿತ ಇಂಗ್ಲಿಷ್ ಮತ್ತು ಉಜ್ಬೆಕ್ ನುಡಿಗಟ್ಟುಗಳನ್ನು ಎದುರುಬದುರಾಗಿ ನಿಲ್ಲಿಸಿ ತೂಗುವ ಅಧ್ಯಯನಗಳಲ್ಲಿ ಹಲವು, ಪೂರ್ಣಸಾಮ್ಯ, ಅಂಶಸಾಮ್ಯ, ಸಾಮ್ಯಾಭಾವ ಎಂಬ ಮೂರು ಅಂಕಣಗಳನ್ನು ಗೆರೆಯೆಳೆದು ತುಂಬಿದೊಡನೆ ಕೃತಕೃತ್ಯವಾಗುತ್ತವೆ. 1978ರಲ್ಲಿ ಶವ್ಕತ್ ರಹ್ಮತುಲ್ಲಾಯೆವರ ಉಜ್ಬೆಕ್ ನುಡಿಗಟ್ಟುಗಳ ಅರ್ಥಕೋಶವು ಪ್ರಕಟವಾದ ಮೇಲೆ ಸಾಮಗ್ರಿಗೆ ಬರವಿಲ್ಲ; ಬರವಿರುವುದು ವಿವೇಚನೆಗೆ. ಉದಾರಿಯು ಇಬ್ಬರಿಗೂ ‘ತೆರೆದ ಕೈಯವನು’. ಕಳ್ಳನು ಉಜ್ಬೆಕರಿಗೆ ‘ಡೊಂಕು ಕೈಯವನು’, ಇಂಗ್ಲಿಷರಿಗೆ ‘ಹಗುರ ಬೆರಳಿನವನು’. ಇಂಥವಕ್ಕೆ ಅಂಕಣವೇ ಸಾಕು.

ಆದರೆ ‘ಕುರಿಯ ಬಾಯಿಂದ ಕಡ್ಡಿಯನ್ನೂ ಕಿತ್ತುಕೊಳ್ಳದವನು’ ಎಂಬ ಉಜ್ಬೆಕ್ ಮಾತನ್ನು ನೋಡಿರಿ. ಸಾಧುಪ್ರಾಣಿಯಾದ ಕುರಿಯು ಮೆಲ್ಲುತ್ತಿರುವ ಹುಲ್ಲುಕಡ್ಡಿಗೂ ಕೈಚಾಚದ ನಿರುಪದ್ರವಿಯೆಂಬ ಈ ಪ್ರಶಂಸೆಯ ಎದುರಿಗೆ, ನೊಣವನ್ನೂ ನೋಯಿಸದವನೆಂಬ ಇಂಗ್ಲಿಷ್ ಮಾತನ್ನು ಬರೆದು ಕೋಷ್ಟಕಕಾರನು ನಿಶ್ಚಿಂತನಾಗುತ್ತಾನೆ. ಅದೇ ಮಾತಿಗೆ ‘ಅಂತೆ’ ಎಂಬರ್ಥದ ಪ್ರತ್ಯಯವೊಂದು ಹತ್ತಿ, ‘ಕಿತ್ತುಕೊಳ್ಳದವನಂತೆ ತೋರಿಸಿಕೊಳ್ಳುತ್ತಾನೆ’ ಎಂದಾಯಿತೆನ್ನಿ, ಹೊಗಳಿಕೆಯು ಆ ಕ್ಷಣವೇ ಆರೋಪವಾಗುತ್ತದೆ. ಆಗ ಅದರ ಜೊತೆಗಾರನು ನೊಣವಲ್ಲ, 1546ರ ಜಾನ್ ಹೇವುಡ್ಡನ ಗಾದೆಗಳ ಸಂಗ್ರಹದಲ್ಲಿಯೇ ಕಾಣಸಿಗುವ, ಬಾಯಲ್ಲಿಟ್ಟ ಬೆಣ್ಣೆಯೂ ಕರಗದೆಂಬ ವ್ಯಂಗ್ಯೋಕ್ತಿ. ಸದ್ಗುಣದ ಅಂಕಣದಿಂದ ದುರ್ಗುಣದ ಅಂಕಣಕ್ಕೆ ಹೀಗೆ ಹಾರುವ ನುಡಿಯನ್ನು ಯಾವ ಗೆರೆ ತಾನೇ ಹಿಡಿದಿಟ್ಟೀತು?

ಉಪ್ಪಿನ ವಿಚಾರವು ಇನ್ನೂ ಸ್ವಾರಸ್ಯಕರವಾದುದು. ಮತ್ತಾಯನ ಸುವಾರ್ತೆಯ ಗಿರಿಪ್ರವಚನದಿಂದ ಇಳಿದುಬಂದ ‘ಭೂಮಿಯ ಉಪ್ಪು’ ಇಂಗ್ಲಿಷಿನಲ್ಲಿ ನಿರಾಡಂಬರ ಸಜ್ಜನನ ಸ್ವಂತ ಸತ್ತ್ವಕ್ಕೆ ಸಲ್ಲುವ ಮನ್ನಣೆ. ಉಜ್ಬೆಕರ ‘ಉಪ್ಪುಂಡು ಉಪ್ಪಿನ ಬಟ್ಟಲಿಗೇ ಉಗುಳುವವನು’ ಎಂಬಲ್ಲಿಯಾದರೋ ಉಪ್ಪು ಒಬ್ಬನ ಗುಣವಲ್ಲ, ಇಬ್ಬರ ನಡುವಣ ಋಣ. ನಮಕ್‌ಹರಾಮನನ್ನು ಬಲ್ಲ ಕನ್ನಡಿಗನಿಗೆ ಇದರ ವ್ಯಾಖ್ಯಾನ ಬೇಕಿಲ್ಲ. ಇಷ್ಟರಿಂದಲೇ ಇಂಗ್ಲಿಷರು ವ್ಯಕ್ತಿನಿಷ್ಠರು, ಉಜ್ಬೆಕರು ಸಮಾಜನಿಷ್ಠರು ಎಂದು ತೀರ್ಪಿತ್ತುಬಿಡುವ ಪಂಡಿತರಿಗೆ, ಉಣಿಸಿದ ಕೈಯನ್ನೇ ಕಚ್ಚುವವನೂ ಇಂಗ್ಲಿಷಿನಲ್ಲಿ ಇದ್ದಾನೆಂಬುದು ಏಕೋ ಮರೆತುಹೋಗುತ್ತದೆ.

ಎರಡು ಭಾಷೆಗಳನ್ನು ತಕ್ಕಡಿಗಿಡುವ ಕೆಲಸ ಉಜ್ಬೆಕ್ ಪರಂಪರೆಗೆ ಹೊಸದೇನಲ್ಲ. ಕವಿ ಅಲೀಶೇರ್ ನವಾಯಿಯು 1499ರಲ್ಲಿ ‘ಮುಹಾಕಮತುಲ್ ಲುಘತೈನ್’ ಎಂಬ ಗ್ರಂಥದಲ್ಲಿ ಉಜ್ಬೆಕ್ಕಿನ ಹಿಂದಿನ ರೂಪವಾದ ತುರ್ಕಿಯನ್ನೂ ಪಾರಸಿಯನ್ನೂ ಹೋಲಿಸಿದ್ದನು. ತುರ್ಕಿಯ ಪರವಾಗಿ ಆತನು ಹೂಡಿದ್ದು ಪಕ್ಷಪಾತದ ವಾದವೇ, ಸಂದೇಹವಿಲ್ಲ. ಆದರೂ ಅಳುವಿನ ನಾನಾ ಛಾಯೆಗಳಿಗಿರುವ ಕ್ರಿಯಾಪದಗಳನ್ನು ಹೆಸರಿಸುವಾಗ, ದ್ವಿಪದಿಗಳನ್ನು ಎತ್ತಿಕೊಟ್ಟು ಪ್ರಯೋಗವನ್ನೂ ತೋರಿಸಿದನು. ನುಡಿಗಟ್ಟನ್ನು ಆಡಿದವನಾರು, ಆಡಿದ್ದು ಆಡಿಸಿಕೊಂಡವನ ಎದುರಿಗೋ ಬೆನ್ನ ಹಿಂದೆಯೋ ಎಂಬಷ್ಟನ್ನಾದರೂ ಇಂದಿನ ಕೋಷ್ಟಕಗಳು ಹೇಳಿದ್ದರೆ ಅವನ್ನು ಹೋಲಿಕೆಯೆನ್ನಬಹುದಾಗಿತ್ತು.