ಪತಂಗಚಿತ್ರದಲ್ಲಿ ಧ್ವನಿವಿಚಾರ

ಅಮೆರಿಕದ ಪ್ರಯೋಗಚಿತ್ರಕಾರರಲ್ಲಿ ಪ್ರಮುಖನಾದ ಸ್ಟ್ಯಾನ್ ಬ್ರಾಕೇಜನು 1963ರಲ್ಲಿ ರಚಿಸಿದ ‘ಮಾತ್‌ಲೈಟ್’ ಎಂಬ ಮೂಕಚಿತ್ರವು ಸುಮಾರು 4 ನಿಮಿಷಗಳದು. ಇದಕ್ಕೆ ಕ್ಯಾಮರಾವನ್ನೇ ಬಳಸಿಲ್ಲ. ಸತ್ತ ಪತಂಗಗಳ ರೆಕ್ಕೆಗಳನ್ನೂ ಹೂವಿನೆಸಳು, ಎಲೆಗಳನ್ನೂ ಎರಡು ಪಾರದರ್ಶಕವಾದ ಅಂಟುಪಟ್ಟಿಗಳ ನಡುವೆ ಅಡಕಿ, ಅದರಿಂದ 16 ಮಿಲಿಮೀಟರಿನ ಪ್ರತಿಯನ್ನು ಮುದ್ರಿಸಲಾಯಿತು.

ಕಥೆಯಿಲ್ಲ, ಪಾತ್ರವಿಲ್ಲ, ವಿಭಾವಾದಿಗಳಿಲ್ಲದೆ ರಸವೆಲ್ಲಿಯದು ಎಂದು ಪೂರ್ವಪಕ್ಷಿಯು ಕೇಳಬಹುದು. ಈ ಆಕ್ಷೇಪವು ಹಗುರವಾದುದಲ್ಲ. ತೆರೆಯ ಮೇಲೆ ತೋರುವುದು ಮಿನುಗುವ ಎಲೆನರಗಳೂ ಕಂದು ಚೂರುಗಳೂ ಮಾತ್ರ. ಅಷ್ಟರಿಂದ ವಿಸ್ಮಯವಾದೀತು, ಶೋಕವು ಹುಟ್ಟದು. ಆದರೆ ಶೀರ್ಷಿಕೆಯನ್ನು ಮರೆಯಲಾಗದು. ‘ಪತಂಗ’, ‘ಬೆಳಕು’ ಎಂಬೆರಡು ಪದಗಳ ಸಮಾಸವೇ ಇಲ್ಲಿ ಆಲಂಬನವನ್ನು ಒದಗಿಸುತ್ತದೆ. ನಮ್ಮ ಕವಿಗಳಲ್ಲಿ ದೀಪಕ್ಕೆರಗುವ ಪತಂಗವು ಉಪಮಾನ. ಇಲ್ಲಿಯೋ ಅದೇ ಪ್ರಸ್ತುತ. ಬೆಳಕನ್ನರಸಿ ಮಡಿದ ಜೀವಿಯ ರೆಕ್ಕೆಯು ಬೆಳಕಿನಿಂದಲೇ ಮತ್ತೆ ಚಲಿಸುವುದೆಂಬ ಅರ್ಥವು ವ್ಯಂಗ್ಯವಾಗಿ, ಕರುಣಕ್ಕೆ ಎಡೆಗೊಡುತ್ತದೆ.

ಆದುದರಿಂದ ಈ ಕೃತಿಯು ಮಾತಿನ ಹಂಗನ್ನು ತೊರೆದುದೆಂದು ಹೊಗಳುವುದು ಸಲ್ಲದು. ಒಂದು ಪದವನ್ನು ಉಳಿಸಿಕೊಂಡುದೇ ಇದರ ಗುಣ. ಅದನ್ನು ತೆಗೆದರೆ ಉಳಿಯುವುದು, ಆನಂದವರ್ಧನನ ಪರಿಭಾಷೆಯಲ್ಲಿ, ಚಿತ್ರಕಾವ್ಯವಷ್ಟೆ.